ಗಂಡನ ಪಿಆರ್ (ಕಾಯಂ ವಾಸದ ಅನುಮತಿ) ಮೇಲೆ ಕೆನಡಾಕ್ಕೆ ಹೊರಟ ಸಿವಿಲ್ ಇಂಜಿನಿಯರ್ ನಾನು. ಅವರಿಗೆ ಕೆಲಸ ಸಿಕ್ಕ ಮೇಲೆ ನಾನು ಹುಡುಕುತ್ತೇನೆ. ಕೆಲಸ ಹುಡುಕುವ ಮುಂಚೆ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್) ಕೋರ್ಸ್ ಮಾಡಲಾ?

ಬೇಡ. ಆ ದುಡ್ಡು ಉಳಿಸಿ, ನಿಮ್ಮ ಹಳೇ ಬಾಸ್‌ಗಳನ್ನು ಹೋಗಿ ನೋಡಿ ಬನ್ನಿ.

ನಾನೂ ಹೀಗೇ ಹೊರಟವಳು. ವಿಟಿಯು ಡಿಗ್ರಿ, ಹಾವೇರಿ ಕಡೆ ಹೆದ್ದಾರಿ ಸೇತುವೆಗಳ ಕೆಲಸ, ಯಜಮಾನರ ಅರ್ಜಿಯಲ್ಲಿ ನನ್ನ ಹೆಸರು. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಮನೆ ಮಾಡಿದೆವು. ನನ್ನ ಡಿಗ್ರಿ ಕೆನಡಾದ ಡಿಗ್ರಿಗೆ ಸಮ ಅಂತ ಡಬ್ಲ್ಯುಇಎಸ್ (ವಿದೇಶಿ ಡಿಗ್ರಿಗಳನ್ನು ತೂಗಿ ನೋಡುವ ಸಂಸ್ಥೆ) ವರದಿ ಕೊಟ್ಟಿತ್ತು. ಅಷ್ಟು ಸಾಕು ಅಂದುಕೊಂಡೆ.

ಎಡವಿದ್ದು ಇಲ್ಲೇ. ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅದೇ ಜಾಗದಲ್ಲಿದ್ದೀರಿ. ಎಕ್ಸ್‌ಪ್ರೆಸ್ ಎಂಟ್ರಿ ಅಂದರೆ ಅಂಕ ನೋಡಿ ಪಿಆರ್ ಕೊಡುವ ವ್ಯವಸ್ಥೆ. ಅದರಲ್ಲಿ ಮುಖ್ಯ ಅರ್ಜಿದಾರರು ತಾವು ಮಾಡಿದ ಕೆಲಸದ ವಿವರ ಇರುವ ಅನುಭವಪತ್ರ ಕೊಡಬೇಕು. ಜೊತೆಗೆ ಬರುವ ಹೆಂಡತಿಗೆ ಓದು, ಭಾಷೆಗೆ ಅಂಕ ಉಂಟು, ಭಾರತದಲ್ಲಿ ದುಡಿದದ್ದಕ್ಕೆ ಇಲ್ಲ. ಯಜಮಾನರು ಆಫೀಸಿಂದ ಆಫೀಸಿಗೆ ಅಲೆದು ಪತ್ರ ಮಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಮಾಡಿಸಲಿಲ್ಲ. ನನ್ನ ಹತ್ತಿರ ಇದ್ದದ್ದು ರಿಲೀವಿಂಗ್ ಲೆಟರ್ ಮಾತ್ರ. ಸೇರಿದ ದಿನ, ಬಿಟ್ಟ ದಿನ, ಹುದ್ದೆ. ಅಡಿಪಾಯದ ಪೈಲ್ ಕ್ಯಾಪ್ ಹಾಕಿಸಿದ್ದು, ಕಂಬಿ ಬಗ್ಗಿಸುವ ಲೆಕ್ಕದ ಬಾರ್ ಬೆಂಡಿಂಗ್ ಶೆಡ್ಯೂಲ್ ತಿದ್ದಿದ್ದು, ಕಾಂಕ್ರೀಟಿನ ಗಟ್ಟಿತನ ನೋಡುವ ಕ್ಯೂಬ್ ಟೆಸ್ಟ್ ಫೇಲಾದಾಗ ಕೆಲಸ ನಿಲ್ಲಿಸಿದ್ದು, ಒಂದೂ ಅದರಲ್ಲಿಲ್ಲ. ವೀಸಾಗೆ ಬೇಡವಾದ ಕಾಗದ ಕೆಲಸಕ್ಕೂ ಬೇಡ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಪಿಇಒ (ಇಂಜಿನಿಯರ್‌ಗಳಿಗೆ ಲೈಸೆನ್ಸ್ ಕೊಡುವ ಸಂಸ್ಥೆ) ಲೈಸೆನ್ಸ್ ಇಲ್ಲದೆ ಪ್ರೊಫೆಷನಲ್ ಇಂಜಿನಿಯರ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಅದಕ್ಕೆ 4 ವರ್ಷದ ಅನುಭವ ಬೇಕು. ಅದರಲ್ಲಿ 1 ವರ್ಷ ಕೆನಡಾದ್ದೇ ಆಗಿರಬೇಕು ಅನ್ನುವ ನಿಯಮವನ್ನು 2023ರ ಮೇನಲ್ಲಿ ತೆಗೆದರು. ಹಾಗಾಗಿ ಊರಲ್ಲಿ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಆದರೆ ಇಂಜಿನಿಯರ್‌ಗೆ ಇರಬೇಕಾದ ಸಾಮರ್ಥ್ಯದ 34 ಅಂಶಗಳಿಗೆ ನಿಮ್ಮ ಕೆಲಸದಿಂದಲೇ ಉದಾಹರಣೆ ಬರೆಯಬೇಕು, ಅದನ್ನು ಕಣ್ಣಾರೆ ಕಂಡವರು ಹೌದು ಅನ್ನಬೇಕು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಸರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಕಂಪನಿಯ ಇಮೇಲ್ ಐಡಿ ಹೋಗಿತ್ತು, ಫೋನ್ ನಂಬರ್ ಬದಲಾಗಿತ್ತು. ಕೊನೆಗೆ ಅವರ ಊರಿನ ವಿಳಾಸ ಹುಡುಕಿಕೊಟ್ಟವರು ನಮ್ಮ ಬಾರ್ ಬೆಂಡಿಂಗ್ ಮೇಸ್ತ್ರಿ. ಅಲ್ಲಿವರೆಗೆ ನಾನು ಗೋದಾಮಿನಲ್ಲಿ ಪೆಟ್ಟಿಗೆ ಪ್ಯಾಕ್ ಮಾಡುತ್ತಿದ್ದೆ. ಆ ಕೆಲಸ ಕೀಳಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಬಂದು ಅರ್ಜಿ ಬರೆಯಲು ಮೈಯಲ್ಲಿ ಶಕ್ತಿ ಇರುತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಪ್ರತಿ ಬಾಸ್‌ನ ಸ್ವಂತ ಇಮೇಲ್, ಸ್ವಂತ ಮೊಬೈಲ್ ನಂಬರ್ ಬರೆದುಕೊಳ್ಳಿ, ಕಂಪನಿಯದ್ದು ಬೇಡ. ಯಾವ ಪ್ರಾಜೆಕ್ಟ್, ನಿಮ್ಮ ಪಾಲಿನ ಕೆಲಸ ಯಾವುದು, ಯಾರ ಕೈಕೆಳಗೆ, ಇಷ್ಟೂ ಇರುವ ಪತ್ರ ಬರೆಸಿಕೊಳ್ಳಿ. ಎಚ್‌ಆರ್ ನಮ್ಮಲ್ಲಿ ಆ ಥರ ಕೊಡಲ್ಲ ಅಂದರೆ ಬಾಸ್ ಹತ್ತಿರವೇ ಸಹಿ ಹಾಕಿಸಿ.

ಲೈಸೆನ್ಸ್ ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ಲೈಸೆನ್ಸ್ ಇರುವ ಇಂಜಿನಿಯರ್ ಹೊಣೆ ಹೊತ್ತರೆ ಅವರ ಕೈಕೆಳಗೆ ಕೆಲಸ ಮಾಡಬಹುದು. ನನಗೆ ಮೊದಲು ಸಿಕ್ಕಿದ್ದು ಕಾಂಕ್ರೀಟ್ ಪರೀಕ್ಷೆಯ ಕೆಲಸ. ಇಲ್ಲಿ ಕ್ಯೂಬ್ ಬದಲು ಸಿಲಿಂಡರ್ ಒಡೆಯುತ್ತಾರೆ. ಅದನ್ನು ಸೈಟ್‌ನಲ್ಲೇ ಕಲಿತೆ, ಯಾವ ಕೋರ್ಸೂ ಬೇಕಾಗಲಿಲ್ಲ.

ಇನ್ನೊಂದು. ಯಜಮಾನರಿಗೆ ಕೆಲಸ ಸಿಕ್ಕ ಮೇಲೆ ನೀವು ಹುಡುಕುತ್ತೀರಿ ಅಂತ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಹೆಣ್ಣುಮಕ್ಕಳು ಬಹಳ ಜನ ಹೀಗೆ ಕಾಯುತ್ತಾ ವರ್ಷಗಳನ್ನು ಕಳೆದುಕೊಂಡದ್ದನ್ನು ಇಲ್ಲಿ ನೋಡಿದ್ದೇನೆ. ಇಳಿದ ವಾರವೇ ಇಬ್ಬರೂ ಎಸ್‌ಐಎನ್ (ಕೆನಡಾದಲ್ಲಿ ಕೆಲಸ ಮಾಡಲು ಬೇಕಾದ ಸರ್ಕಾರಿ ನಂಬರ್) ಮಾಡಿಸಿ, ಇಬ್ಬರೂ ಅರ್ಜಿ ಹಾಕಿ.