ನೀರು ಇಂಗುವ ಡಾಂಬರು ರಸ್ತೆ ಗಟ್ಟಿಯಾಗಬೇಕು ಅಂದರೆ ಸಂದು ತುಂಬಬೇಡಿ

ನಿಮ್ಮ ಕ್ಯಾಂಪಸ್ಸಿನ ಒಳರಸ್ತೆಗೆ ನೀರು ಇಂಗುವ ಡಾಂಬರು ಹಾಕಿಸಿದ್ದೀರಿ, ಎರಡನೇ ಮಳೆಗಾಲಕ್ಕೇ ಜಲ್ಲಿ ಕಿತ್ತು ಬರುತ್ತಿದೆ. ಮುಂದಿನ ಸಲ ಪುಡಿ ಜಲ್ಲಿ, ಎಂ-ಸ್ಯಾಂಡ್ ಸ್ವಲ್ಪ ಜಾಸ್ತಿ ಸೇರಿಸಿದರೆ ಗಟ್ಟಿಯಾಗುತ್ತದಾ ಅಂತ ಕೇಳಿದ್ದೀರಿ. ಗಟ್ಟಿಯೇನೋ ಆಗುತ್ತದೆ. ಆದರೆ ನೀರು ಇಂಗುವುದು ನಿಂತುಹೋಗುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಮಾಮೂಲಿ ಡಾಂಬರಿನಲ್ಲಿ ಗಾಳಿಯ ಜಾಗ ನೂರಕ್ಕೆ 3ರಿಂದ 5 ಭಾಗ ಇರುತ್ತದೆ. ಇದರಲ್ಲಿ ಸುಮಾರು 18ರಿಂದ 22. ಆ ಸಂದುಗಳಲ್ಲೇ ನೀರು ಇಳಿಯುವುದು. ಹಾಗಾಗಿ ಜಲ್ಲಿ ಜಲ್ಲಿಯನ್ನು ಮುಟ್ಟುವ ಸಣ್ಣ ಸಣ್ಣ ಜಾಗದಲ್ಲಿ ಮಾತ್ರ ಅಂಟು. ಮಂಡಕ್ಕಿ ಉಂಡೆ ಕಟ್ಟಿದವರಿಗೆ ಇದು ಗೊತ್ತಿರುತ್ತದೆ. ಪಾಕ ನೀರಾದರೆ ತಳಕ್ಕೆ ಇಳಿದುಹೋಗುತ್ತದೆ. ಏರಿದರೆ ಉಂಡೆ ಮುಟ್ಟಿದ ತಕ್ಷಣ ಉದುರುತ್ತದೆ. ರಸ್ತೆಯಲ್ಲಿ ಪಾಕದ ಕೆಲಸ ಬಿಟುಮನ್ನಿನದು, ಅಂದರೆ ಜಲ್ಲಿಯನ್ನು ಅಂಟಿಸುವ ಕಪ್ಪು ಅಂಟಿನದು, ಕಾಡುವ ತೊಂದರೆಗಳೂ ಇವೇ ಎರಡು.

ನೆದರ್ಲೆಂಡ್ಸ್ ನೋಡಿ. ಅಲ್ಲಿನ ಹೆದ್ದಾರಿಗಳ ಬಹುಪಾಲು ಮೇಲ್ಪದರ ಇದೇ ಜಾತಿಯದು, 'ಝೋಆಬ್' ಅನ್ನುತ್ತಾರೆ. ಸದ್ದು ಕಡಿಮೆ, ಮಳೆಯಲ್ಲಿ ಮುಂದಿನ ಗಾಡಿಯ ಚಕ್ರ ನೀರು ಎರಚುವುದೂ ಕಡಿಮೆ. ಆದರೆ ಲಾರಿ ಓಡುವ ಲೇನಿನಲ್ಲಿ ಅದರ ಆಯಸ್ಸು ಸುಮಾರು 10ರಿಂದ 12 ವರ್ಷ ಅಷ್ಟೇ. ಅಲ್ಲೂ ಮುಖ್ಯ ಕಾಯಿಲೆ ನಿಮ್ಮದೇ: ಜಲ್ಲಿ ಒಂದೊಂದಾಗಿ ಏಳುವುದು. ಸಂದಿನೊಳಗೆಲ್ಲ ಗಾಳಿ, ನೀರು ಆಡುವುದರಿಂದ ಬಿಟುಮನ್ ಬೇಗ ಮುದಿಯಾಗಿ ಪೆಡಸಾಗುತ್ತದೆ. ಆಮೇಲೆ ಚಕ್ರದ ಎಳೆತಕ್ಕೆ ಬಾಗುವುದಿಲ್ಲ, ಬಿರುಕು ಬಿಡುತ್ತದೆ.

ಹಾಗಾಗಿ ನಾನು ಮೊದಲು ಕೈ ಹಾಕುವುದು ಬಿಟುಮನ್ನಿಗೇ. ಮಾಮೂಲಿ ರಸ್ತೆಗೆ ಹಾಕುವ ವಿಜಿ-30 ದರ್ಜೆಯ ಬಿಟುಮನ್ ಒಂದೇ ಸಾಲದು. ಎಸ್‌ಬಿಎಸ್ ಅನ್ನುವ ರಬ್ಬರಿನಂಥ ಪಾಲಿಮರ್ ಬೆರೆಸಿದ ಬಿಟುಮನ್ ಕೇಳಿ. ಜಪಾನಿನಲ್ಲಿ ಇಂಥ ರಸ್ತೆಗೆ ಪಾಲಿಮರ್ ಇನ್ನೂ ಜಾಸ್ತಿ ಹಾಕಿದ, ತುಂಬಾ ಮಂದವಾದ ಬಿಟುಮನ್ನನ್ನೇ ಬಳಸುತ್ತಾರೆ. ಜಲ್ಲಿಯ ಮೇಲಿನ ಲೇಪ ದಪ್ಪ ಇದ್ದಷ್ಟೂ ಮುದಿಯಾಗುವುದು ನಿಧಾನ. ಆದರೆ ದಪ್ಪ ಲೇಪ ಬಿಸಿಯಲ್ಲಿ ಸೋರುತ್ತದೆ ಅಲ್ವಾ? ನನ್ನ ಮೊದಲ ಸೈಟಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಪ್ಲಾಂಟಿನಿಂದ ಬಂದ ಟಿಪ್ಪರ್ ಎತ್ತಿದಾಗ ಮೇಲಿನ ಜಲ್ಲಿ ಮಂಕಾಗಿ ಒಣಗಿದ ಹಾಗಿತ್ತು, ತಳದಲ್ಲಿ ಬಿಟುಮನ್ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಲೋಡು ಹಾಕಿದ ಜಾಗದಲ್ಲೇ ಮೊದಲು ಜಲ್ಲಿ ಎದ್ದಿತು. ಮಿಶ್ರಣದ ತೂಕದ ನೂರಕ್ಕೆ 0.3ರಷ್ಟು ಸೆಲ್ಯುಲೋಸ್ ನಾರು ಸೇರಿಸಿದರೆ ಬಿಟುಮನ್ ಜಾರದೆ ನಿಲ್ಲುತ್ತದೆ. ಅದು ದುಬಾರಿ ಅಂತ ಬಿಡಬೇಡಿ.

ಇನ್ನೊಂದು, ನಮ್ಮ ಕಡೆಗೇ ಸೇರಿದ ಮಾತು. ಬೆಂಗಳೂರು ಸುತ್ತಮುತ್ತಲಿನ ಜಲ್ಲಿ ಹೆಚ್ಚಾಗಿ ಗ್ರಾನೈಟ್ ಜಾತಿಯದು. ಕಲ್ಲು ಗಟ್ಟಿ, ಆದರೆ ನೀರು ತಗುಲಿದರೆ ಬಿಟುಮನ್ ಅದನ್ನು ಬೇಗ ಬಿಟ್ಟುಬಿಡುತ್ತದೆ. ನೂರಕ್ಕೆ 1ರಿಂದ 1.5ರಷ್ಟು ಅರಳಿದ ಸುಣ್ಣದ ಪುಡಿ ಹಾಕಿದರೆ ಹಿಡಿತ ಚೆನ್ನಾಗಿ ನಿಲ್ಲುತ್ತದೆ. ಚಪ್ಪಟೆ ಜಲ್ಲಿ, ಧೂಳು ಹಿಡಿದ ಜಲ್ಲಿ ಬಂದರೆ ವಾಪಸ್ ಕಳಿಸಿ.

ಇಷ್ಟೆಲ್ಲ ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ತಿಳಿಯಲು ಕ್ಯಾಂಟಾಬ್ರೋ ಪರೀಕ್ಷೆ ಇದೆ. ಮಿಶ್ರಣದ ಒಂದು ಬಿಲ್ಲೆ ಮಾಡಿ, ತೂಕ ನೋಡಿ, ಜಲ್ಲಿಯ ಸವೆತ ಅಳೆಯಲು ಲ್ಯಾಬಿನಲ್ಲಿ ಬಳಸುವ ಲಾಸ್ ಏಂಜಲೀಸ್ ಡ್ರಮ್ಮಿಗೆ ಹಾಕಿ. ಕಬ್ಬಿಣದ ಗುಂಡು ಹಾಕಬಾರದು. 300 ಸುತ್ತು ತಿರುಗಿಸಿ, ಮತ್ತೆ ತೂಗಿ. ಕಳೆದ ತೂಕ ನೂರಕ್ಕೆ 20 ದಾಟಬಾರದು. ನಾನು ಮಾಡಿ ನೋಡಿದಾಗ ಪಾಲಿಮರ್, ನಾರು ಇಲ್ಲದ ಬರೀ ಬಿಟುಮನ್ನಿನ ಬಿಲ್ಲೆ ಹೊಳೆಯ ಕಲ್ಲಿನ ಹಾಗೆ ಅಂಚೆಲ್ಲ ಸವೆದು ಹೊರಬಂದಿತ್ತು, ಡ್ರಮ್ಮಿನ ತಳದಲ್ಲಿ ಒಂದು ರಾಶಿ ಜಲ್ಲಿ. ಪಾಲಿಮರ್, ನಾರು ಹಾಕಿದ್ದು ಮೂಲೆ ಮಾತ್ರ ಕಳೆದುಕೊಂಡು ಹಾಗೇ ಇತ್ತು. 60 ಡಿಗ್ರಿ ಓವನ್ನಿನಲ್ಲಿ ಏಳು ದಿನ ಇಟ್ಟ ಬಿಲ್ಲೆಯನ್ನೂ ತಪ್ಪದೆ ತಿರುಗಿಸಿ. ಮುದಿಯಾದ ಮೇಲೆ ರಸ್ತೆ ಹೇಗಿರುತ್ತದೆ ಅನ್ನುವ ಅಂದಾಜು ಸಿಗುವುದು ಅದರಿಂದಲೇ. ಅದಕ್ಕೆ ಮಿತಿ 30.

ಹಾಸುವಾಗ ಉಕ್ಕಿನ ಚಕ್ರದ ರೋಲರ್ ಸಾಕು, ವೈಬ್ರೇಷನ್ ಬಂದ್ ಮಾಡಿಸಿ. ಆಪರೇಟರ್ ಅಭ್ಯಾಸಬಲದಿಂದ ಸ್ವಿಚ್ ಒತ್ತಿದರೆ ಜಲ್ಲಿ ಒಡೆದು ಬಿಳಿ ಮುಖ ಕಾಣುತ್ತದೆ. ಆ ಬಿಳಿ ಮುಖಕ್ಕೆ ಬಿಟುಮನ್ ಲೇಪವೇ ಇಲ್ಲ. ಟೈರ್ ರೋಲರ್ ಕೂಡ ಬೇಡ, ಮೇಲಿನ ಸಂದು ಮುಚ್ಚಿಬಿಡುತ್ತದೆ. ಮಿಶ್ರಣ ಬೇಗ ಆರುತ್ತದೆ, ಆದ್ದರಿಂದ ರೋಲರ್ ಮಿಶ್ರಣ ಹಾಸುವ ಪೇವರ್ ಯಂತ್ರದ ಹಿಂದೆಯೇ ಹೋಗಬೇಕು.

ಭಾರ ಹೊರುವ ಕೆಲಸವನ್ನು ಈ ಪದರಕ್ಕೆ ಹೊರಿಸಬೇಡಿ. ಅದು ಕೆಳಗಿನ ಪದರದ್ದು. ಬಸ್ ತಿರುಗುವ ಜಾಗ, ನಿಂತಲ್ಲೇ ಸ್ಟೇರಿಂಗ್ ತಿರುಗಿಸುವ ಜಾಗಗಳಲ್ಲಿ ಮಾಮೂಲಿ ಡಾಂಬರನ್ನೋ ಕಾಂಕ್ರೀಟನ್ನೋ ಹಾಕಿಸಿ. ಪಕ್ಕದ ಕೆಂಪು ಮಣ್ಣು ಮಳೆಯಲ್ಲಿ ಹರಿದು ರಸ್ತೆಗೆ ಬರದಂತೆ ಅಂಚು ಕಟ್ಟಿಸಿ, ವ್ಯಾಕ್ಯೂಮ್ ಯಂತ್ರದಿಂದ ಆಗಾಗ ಧೂಳು ಎಳೆಸಿ. ಸಂದಿನಲ್ಲಿ ಮಣ್ಣು ಕೂತರೆ ನೀರು ಅಲ್ಲೇ ನಿಂತು ಅಂಟನ್ನು ಬಿಡಿಸುತ್ತದೆ.

ನನಗೆ ತುಂಬಾ ಇಷ್ಟವಾದ ಪ್ರಯೋಗವೊಂದನ್ನು ಹೇಳಲೇಬೇಕು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಎರಿಕ್ ಸ್ಲಾಂಗನ್ ಮತ್ತು ಅವರ ತಂಡ ಈ ಡಾಂಬರಿಗೆ ಉಕ್ಕಿನ ಸಣ್ಣ ಎಳೆಗಳನ್ನು ಬೆರೆಸಿದರು. 2010ರಲ್ಲಿ ಅಲ್ಲಿನ ಎ58 ಹೆದ್ದಾರಿಯಲ್ಲಿ 400 ಮೀಟರ್ ಹಾಸಿಯೂ ನೋಡಿದರು. ಮೇಲೆ ಇಂಡಕ್ಷನ್ ಯಂತ್ರ ಹಾಯಿಸಿದರೆ ಎಳೆಗಳು ಕಾದು, ಬಿಟುಮನ್ ಕರಗಿ, ಸೂಕ್ಷ್ಮ ಬಿರುಕುಗಳು ತಾವೇ ಕೂಡಿಕೊಳ್ಳುತ್ತವೆ. ಅಡುಗೆಮನೆಯ ಇಂಡಕ್ಷನ್ ಒಲೆಯದೇ ತತ್ವ. ನಿಮ್ಮ ಕ್ಯಾಂಪಸ್ಸಿಗೆ ಇದು ಬೇಕಿಲ್ಲ. ಆದರೆ ಅವರು ಸಂದು ಮುಚ್ಚಲು ಹೋಗದೆ ಅಂಟನ್ನೇ ರಿಪೇರಿ ಮಾಡಿದರು ಅನ್ನುವುದನ್ನು ಗಮನಿಸಿ.

ಈಗ ಜಲ್ಲಿ ಎದ್ದಿರುವ ಜಾಗದಿಂದ ಒಂದು ಕೋರ್, ಅಂದರೆ ಕೊರೆದು ತೆಗೆದ ಉರುಟು ತುಂಡು, ತೆಗೆಸಿ. ಸಂದು ಎಷ್ಟಿದೆ, ಬಿಟುಮನ್ ಎಷ್ಟಿದೆ, ತಳಕ್ಕೆ ಇಳಿದಿದೆಯಾ ಅಂತ ಲ್ಯಾಬಿನಲ್ಲಿ ನೋಡಿಸಿ, ಅಂಕಿಗಳನ್ನು ಇಲ್ಲೇ ಬರೆಯಿರಿ. ಮುಂದಿನ ಮಿಶ್ರಣ ಹೇಗಿರಬೇಕು ಅಂತ ಅವುಗಳನ್ನು ಇಟ್ಟುಕೊಂಡೇ ಹೇಳುತ್ತೇನೆ.