ಅಜ್ಜನ ಮರೆವು, ಮೊಮ್ಮಗಳ ಕ್ಯಾಮೆರಾ

ಪ್ರಶ್ನೆ: ಜಪಾನಿನ ನಿರ್ದೇಶಕರೊಬ್ಬರು ತಮ್ಮ ಅಜ್ಜನ ನೆನಪಿನಿಂದ ಚಲನಚಿತ್ರವೊಂದನ್ನು ರೂಪಿಸಿದ್ದಾರೆಂದು ಕೇಳಿದ್ದೇನೆ. ನನ್ನ ಅಜ್ಜ ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿದವರು. ಈಗ ಅವರಿಗೆ ಮರೆವಿನ ಕಾಯಿಲೆ. ಅವರ ಕುರಿತು ಕಿರುಚಿತ್ರ ಮಾಡುವ ಆಸೆಯಿದೆ. ‘ಈ ಸ್ಥಿತಿಯಲ್ಲಿ ಅವರನ್ನು ನಾಲ್ಕು ಜನರ ಮುಂದೆ ತೋರಿಸಬೇಡ’ ಎಂದು ಅಪ್ಪ ತಡೆಯುತ್ತಿದ್ದಾರೆ. ಏನು ಮಾಡಲಿ?
– ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನೀವು ಕೇಳಿರುವುದು ಬಹುಶಃ ಹಿರೊಕಾಜು ಕೊರೆ-ಎಡಾ ಅವರ 1998ರ ‘ಆಫ್ಟರ್ ಲೈಫ್’ ಚಿತ್ರದ ವಿಷಯ. 1962ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಅವರು ಆರು ವರ್ಷದವರಿದ್ದಾಗ ಅಜ್ಜನಿಗೆ ಮರೆವು ಆವರಿಸಿತು. ಅದೇನೆಂಬುದು ಮನೆಯವರಿಗೆ ಅರ್ಥವಾಗುವ ಮೊದಲೇ ಅಜ್ಜ ತಮ್ಮವರ ಮುಖಗಳನ್ನೂ ಗುರುತಿಸದಾದರು. ಸಾಯುವಾಗ ಮನುಷ್ಯ ಎಲ್ಲವನ್ನೂ ಮರೆಯುತ್ತಾನೆಂದು ಆ ಹುಡುಗ ತಿಳಿದಿದ್ದನಂತೆ.

ಆದರೆ ಚಿತ್ರದಲ್ಲಿ ನಿರ್ದೇಶಕರ ಅಜ್ಜನ ಕಥೆಯೇ ಇಲ್ಲ. ಸತ್ತವರು ಹಳೆಯ ಕಟ್ಟಡವೊಂದಕ್ಕೆ ಬಂದು, ತಮ್ಮ ಬಾಳಿನ ಒಂದೇ ಒಂದು ನೆನಪನ್ನು ಆರಿಸಿಕೊಳ್ಳಬೇಕು; ಅಲ್ಲಿನ ಸಿಬ್ಬಂದಿ ಅದನ್ನು ಚಿತ್ರೀಕರಿಸಿ ತೋರಿಸಿದ ಮೇಲೆ, ಆ ನೆನಪನ್ನಷ್ಟೇ ಹೊತ್ತು ಅವರು ಮುಂದೆ ಸಾಗಬೇಕು. ಎಲ್ಲವನ್ನೂ ಕಳೆದುಕೊಂಡ ಅಜ್ಜನಿಗೆ ಮೊಮ್ಮಗ ಒಂದನ್ನಾದರೂ ಉಳಿಸಿಕೊಟ್ಟಂತೆ ನನಗೆ ಅನಿಸುತ್ತದೆ. ಇದಕ್ಕಾಗಿ ಸುಮಾರು 500 ಜನರನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಕೆಲವರು ತೆರೆಯ ಮೇಲೆ ತಮ್ಮದೇ ನೆನಪು ಹೇಳುತ್ತಾರೆ. ಬಾಲ್ಯದಲ್ಲಿ ಕೆಂಪು ಉಡುಪು ತೊಟ್ಟು ಕುಣಿದುದನ್ನು ಆರಿಸಿಕೊಂಡ ಅಜ್ಜಿ, ತನ್ನ ಪಾತ್ರ ಮಾಡುವ ಪುಟ್ಟ ಹುಡುಗಿಗೆ ತಾನೇ ಹೆಜ್ಜೆ ಕಲಿಸುವ ದೃಶ್ಯವಂತೂ ಮತ್ತೆ ಮತ್ತೆ ನೋಡುವಂಥದ್ದು. ವಿಮಾನದ ನೆನಪಿಗೆ ಬೇಕಾದ ಮೋಡಗಳನ್ನು ಆ ಸಿಬ್ಬಂದಿ ಹತ್ತಿಯಿಂದಲೇ ಮಾಡುತ್ತಾರೆ.

ಆ ಅಜ್ಜಿಯ ಜಾಗದಲ್ಲಿ ನಿಮ್ಮ ಅಜ್ಜನನ್ನು ಕೂರಿಸಿ. ‘ನೆನಪಿದೆಯಾ ಅಜ್ಜಾ?’ ಎಂದು ಕೇಳಬೇಡಿ; ಮರೆವು ಬಂದವರಿಗೆ ಅದು ಪರೀಕ್ಷೆಯಾಗಿ ಕಾಡುತ್ತದೆ. ನೂಲಿನ ಉರುಳೆಯೊಂದನ್ನು ಕೈಗಿತ್ತು, ಕಡಿದ ಎಳೆಯನ್ನು ಕೂಡಿಸುವುದು ಹೇಗೆಂದು ತೋರಿಸಲು ಕೇಳಿ. ನಿನ್ನೆ ಮೊನ್ನೆಯದು ಅಳಿಸಿಹೋದರೂ, ಎಷ್ಟೋ ವರ್ಷ ಮಾಡಿದ ಕೆಲಸ ಬಹಳ ಸಲ ಕೈಯಲ್ಲಿ ಉಳಿದಿರುತ್ತದೆ. ಅವರು ತೋರಿಸಿದರೆ ನೀವು ಪಕ್ಕದಲ್ಲಿ ಕುಳಿತು ಕಲಿಯಿರಿ. ಕ್ಯಾಮೆರಾ ಇಬ್ಬರ ಕೈಗಳನ್ನು ನೋಡುತ್ತಿರಲಿ. ಕೈ ತಡವರಿಸಿ ಅವರು ಮುಜುಗರಪಟ್ಟರೆ ಅಲ್ಲಿಗೇ ನಿಲ್ಲಿಸಿ. ಇಂಥವರಿಗೆ ಸಂಜೆಯ ಹೊತ್ತಿಗೆ ಗೊಂದಲ ಹೆಚ್ಚುವುದುಂಟು, ಹಾಗಾಗಿ ಬೆಳಗಿನ ಹೊತ್ತೇ ಒಳ್ಳೆಯದು.

ನಿಮ್ಮ ತಂದೆಯವರ ಅಳುಕನ್ನು ತಳ್ಳಿಹಾಕಬೇಡಿ. ಅಸಹಾಯಕತೆಯನ್ನು ತೋರಿಸಿ ಕಣ್ಣೀರು ಬರಿಸುವ ಚಿತ್ರಗಳನ್ನು ನಾನೂ ಒಪ್ಪುವುದಿಲ್ಲ. ಗಿರಣಿಯ ಪಾಳಿ ಮುಗಿಸಿ ಅಜ್ಜ ಮನೆಗೆ ಬರುತ್ತಿದ್ದ ಬಗೆ, ಅಂಗಿಗೆ ಅಂಟಿದ ಹತ್ತಿಯ ಎಳೆ, ಸಂಬಳದ ದಿನ ತರುತ್ತಿದ್ದ ಮಂಡಕ್ಕಿ ಪೊಟ್ಟಣ – ಇವೆಲ್ಲ ಮಗನಾಗಿ ಅವರಿಗಷ್ಟೇ ಗೊತ್ತಿರಬಹುದು. ಅದನ್ನು ಅವರ ದನಿಯಲ್ಲೇ ಧ್ವನಿಮುದ್ರಿಸಿಕೊಳ್ಳಿ. ಚಿತ್ರ ಸಿದ್ಧವಾದ ಮೇಲೆ ಮೊದಲು ಮನೆಯಲ್ಲಿ ತೋರಿಸಿ, ಅವರಿಬ್ಬರಲ್ಲಿ ಯಾರೇ ಬೇಡವೆಂದ ದೃಶ್ಯವನ್ನು ತೆಗೆದುಹಾಕಿ, ಆಮೇಲಷ್ಟೇ ಹೊರಗಿನವರ ಮುಂದಿಡಿ.