ಎಲೆಕ್ಟ್ರಿಕ್ ಕಾರು ಬ್ಯಾಟರಿ ಫಾಲ್ಟ್ ತೋರಿಸುತ್ತಿದೆ, ಪೂರ್ತಿ ಪ್ಯಾಕ್ ಬದಲಿಸಲೇಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಾರಿಗೆ ಆರು ವರ್ಷ. ಚಾರ್ಜ್ 25 ಪರ್ಸೆಂಟ್ ಹತ್ತಿರ ಬಂದಾಗ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಪವರ್ ಬಿಟ್ಟುಹೋಗುತ್ತದೆ, ಮೀಟರ್ ಒಂದೇ ಸಲಕ್ಕೆ 6ಕ್ಕೆ ಬೀಳುತ್ತದೆ. ಸಾಲದ್ದಕ್ಕೆ, ಮಳೆ ಬಂದ ಮಾರನೇ ದಿನ ಇನ್ಸುಲೇಷನ್ ಎಚ್ಚರಿಕೆ (ಹೈ ವೋಲ್ಟೇಜ್ ಕಾರಿನ ಮೈಗೆ ಸೋರುತ್ತಿದೆ ಅನ್ನುವುದು) ಬಂದು ಗಾಡಿ ಸ್ಟಾರ್ಟೇ ಆಗುವುದಿಲ್ಲ. ಸರ್ವಿಸ್‌ನವರು ಸ್ಕ್ಯಾನರ್ ಹಾಕಿ ನೋಡಿ, ಪ್ಯಾಕ್ ಹೋಗಿದೆ, ಬದಲಿಸಿ ಅಂದಿದ್ದಾರೆ. ನಾನೇ ಬಿಚ್ಚಿ ನೋಡಬಹುದಾ ಅಂತಲೂ ಕೇಳಿದ್ದೀರಿ.

ಬಿಚ್ಚುವುದು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಪ್ಯಾಕ್ ಬದಲಿಸುವ ಮಾತಿಗೂ ಇನ್ನೂ ಹೊತ್ತಿದೆ.

ನಾನು ಈ ಪ್ಯಾಕ್‌ಗಳನ್ನು ಬಿಚ್ಚಿ ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ನೀವು ಬರೆದದ್ದು ನೋಡಿದರೆ ಇಲ್ಲಿರುವುದು ಒಂದು ತೊಂದರೆ ಅಲ್ಲ, ಎರಡು. ಒಂದಕ್ಕೊಂದು ಸಂಬಂಧ ಇರಲೇಬೇಕು ಅಂತಿಲ್ಲ. ಎರಡಕ್ಕೂ ಉರಿಯುವ ದೀಪ ಒಂದೇ ಆದ್ದರಿಂದ ಎಲ್ಲವೂ ಪ್ಯಾಕ್ ತಲೆಗೆ ಬಂದಿದೆ. ಯಾವ ಅಳತೆ ಮಿತಿ ದಾಟಿತು ಅಂತ ಸ್ಕ್ಯಾನರ್ ಹೇಳುತ್ತದೆ, ಅಷ್ಟೇ. ಯಾಕೆ ದಾಟಿತು ಅಂತ ಮನುಷ್ಯರೇ ಹುಡುಕಬೇಕು.

ಶುರು ಮಾಡುವ ಮೊದಲು 12 ವೋಲ್ಟಿನ ಚಿಕ್ಕ ಬ್ಯಾಟರಿ ಪರೀಕ್ಷೆ ಮಾಡಿಸಿ. ನಗಬೇಡಿ. ಎಲ್ಲಾ ಕಂಪ್ಯೂಟರ್‌ಗಳೂ, ದೊಡ್ಡ ಪ್ಯಾಕನ್ನು ಗಾಡಿಗೆ ಜೋಡಿಸುವ ಕಾಂಟ್ಯಾಕ್ಟರ್ ಅನ್ನುವ ಸ್ವಿಚ್‌ಗಳೂ ಓಡುವುದು ಅದರಿಂದಲೇ. ಅದು ಸೊರಗಿದರೆ ಸಂಬಂಧವೇ ಇಲ್ಲದ ಹತ್ತಾರು ಫಾಲ್ಟ್ ಕೋಡ್‌ಗಳು ಒಟ್ಟಿಗೆ ಬರುತ್ತವೆ.

ಈಗ ಮೊದಲನೇ ತೊಂದರೆ. 400 ವೋಲ್ಟ್ ದರ್ಜೆಯ ಎಷ್ಟೋ ಪ್ಯಾಕ್‌ಗಳಲ್ಲಿ ಸುಮಾರು 96 ಸೆಲ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿರುತ್ತವೆ. ಒಂದೊಂದು ಸೆಲ್ 3.7 ವೋಲ್ಟ್ ಅಂದರೆ ಒಟ್ಟು 355 ವೋಲ್ಟ್ ಆಯಿತು. 95 ಸೆಲ್ ಗಟ್ಟಿಯಾಗಿದ್ದು ಒಂದು ಬಿದ್ದರೂ ಬಿಎಂಎಸ್ (ಪ್ಯಾಕನ್ನು ಕಾಯುವ ಕಂಪ್ಯೂಟರ್) ಆ ಒಂದನ್ನೇ ನೋಡಿ ಪವರ್ ಕಡಿಮೆ ಮಾಡುತ್ತದೆ. ಮಾಡಲೇಬೇಕು, ಇಲ್ಲದಿದ್ದರೆ ಆ ಸೆಲ್ ಸಾಯುತ್ತದೆ. ಹಾಗಾಗಿ ಕೇಳಬೇಕಾದ್ದು ಇದು: ಬೀಳುತ್ತಿರುವ ಸೆಲ್ ಯಾವುದು, ಯಾವ ಹೊತ್ತಿನಲ್ಲಿ ಬೀಳುತ್ತಿದೆ?

ಎಲ್ಲಾ ಸೆಲ್‌ಗಳ ವೋಲ್ಟೇಜಿನ ಮೂರು ಹೊತ್ತಿನ ರೀಡಿಂಗ್ ಬೇಕು. ಫುಲ್ ಚಾರ್ಜ್ ಆಗಿ ಒಂದೆರಡು ಗಂಟೆ ಸುಮ್ನೆ ನಿಂತ ಮೇಲೆ ಒಂದು. 20 ಪರ್ಸೆಂಟ್ ಇರುವಾಗ ನಿಂತಲ್ಲೇ ಒಂದು. ಅದೇ 20ರಲ್ಲಿ ಜೋರಾಗಿ ಓಡಿಸುವಾಗ ಇನ್ನೊಂದು, ಅದನ್ನು ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ಓಬಿಡಿ ಡಾಂಗಲ್ (ಗಾಡಿಯ ಸ್ಕ್ಯಾನರ್ ಸಾಕೆಟ್‌ಗೆ ಸಿಕ್ಕಿಸಿ ಫೋನಿಗೆ ಡೇಟಾ ಕಳಿಸುವ ಚಿಕ್ಕ ಸಾಧನ) ಮತ್ತು ನಿಮ್ಮ ಮಾಡೆಲ್‌ಗೆ ಹೊಂದುವ ಆ್ಯಪ್ ಇದ್ದರೆ ಇದನ್ನು ನೀವೇ ಮಾಡಬಹುದು. ಹೈ ವೋಲ್ಟೇಜ್ ಮುಟ್ಟುವ ಅಪಾಯ ಇದರಲ್ಲಿ ಇಲ್ಲ.

ಒಂದು ಸೆಲ್ ಫುಲ್ ಚಾರ್ಜ್‌ನಲ್ಲೂ ಕಡಿಮೆ, 20ರಲ್ಲೂ ಕಡಿಮೆ ಇದ್ದರೆ ಅದು ಬರೀ ಹಿಂದೆ ಬಿದ್ದಿರಬಹುದು. ಅಂದರೆ ಬ್ಯಾಲೆನ್ಸ್ ತಪ್ಪಿದೆ, ಸೆಲ್ ಕೆಟ್ಟಿಲ್ಲ. ಬಿಎಂಎಸ್ ಒಳಗಿನ ಬ್ಯಾಲೆನ್ಸಿಂಗ್ ಬಹಳ ನಿಧಾನ. ಕರೆಂಟ್ 100 ಮಿಲಿಆ್ಯಂಪ್ ಅಂತ ಇಟ್ಟುಕೊಂಡರೆ, 5 ಆ್ಯಂಪ್‌ಅವರ್ ವ್ಯತ್ಯಾಸ ಸರಿಮಾಡಲು 50 ಗಂಟೆ ಬೇಕು. ಯಾವಾಗಲೂ 80ಕ್ಕೇ ಚಾರ್ಜ್ ನಿಲ್ಲಿಸುವವರ ಗಾಡಿಯಲ್ಲಿ, ಬ್ಯಾಲೆನ್ಸಿಂಗ್ ಫುಲ್ ಚಾರ್ಜ್‌ನಲ್ಲಿ ಮಾತ್ರ ನಡೆಯುವಂತಿದ್ದರೆ, ಅದಕ್ಕೆ ಸಮಯವೇ ಸಿಗುವುದಿಲ್ಲ. ಆದರೆ ಸರಿಮಾಡಿದ ಮೇಲೆ ಅದೇ ಸೆಲ್ ಕೆಲವೇ ದಿನದಲ್ಲಿ ಮತ್ತೆ ಹಿಂದೆ ಬಿದ್ದರೆ ಅದು ತನ್ನಷ್ಟಕ್ಕೆ ಸೋರುತ್ತಿದೆ, ಅದನ್ನು ನಂಬುವ ಹಾಗಿಲ್ಲ.

ಉಳಿದವುಗಳ ಜೊತೆಗೇ ಅಥವಾ ಅವಕ್ಕಿಂತ ಮೊದಲೇ ತುಂಬಿ, ಅವಕ್ಕಿಂತ ಮೊದಲೇ ಖಾಲಿ ಆಗುವ ಸೆಲ್ ಬೇರೆ ಕಥೆ. ಅದರ ಕೊಡವೇ ಚಿಕ್ಕದಾಗಿದೆ. ಆ ಸೆಲ್ ಇರುವ ಮಾಡ್ಯೂಲ್ (ಕೆಲವು ಸೆಲ್‌ಗಳ ಗುಂಪು) ಬದಲಿಸಬೇಕು. ನಿಮ್ಮದು 25ರ ಕೆಳಗೆ ಮಾತ್ರ ಕಾಡುತ್ತಿದೆ ಅಂದಿದ್ದೀರಲ್ಲ, ನನ್ನ ಅನುಮಾನ ಈ ಕಡೆಗೇ ಜಾಸ್ತಿ.

ಚಾರ್ಜ್ ಎಷ್ಟೇ ಇರಲಿ, ಕಾಲು ಒತ್ತಿದಾಗ ಬಿದ್ದು, ತೆಗೆದ ಕೂಡಲೇ ಟಕ್ ಅಂತ ಎದ್ದರೆ ಮೊದಲು ಬೋಲ್ಟ್ ನೋಡಬೇಕು. ಸೆಲ್‌ನಿಂದ ಸೆಲ್‌ಗೆ ಹೋಗುವ ಲೋಹದ ಪಟ್ಟಿ, ಅಂದರೆ ಬಸ್‌ಬಾರ್ ಕೀಲಿನಲ್ಲಿ ಒಂದೇ ಒಂದು ಮಿಲಿಓಮ್ ಜಾಸ್ತಿಯಾದರೂ 150 ಆ್ಯಂಪ್ ಹರಿಯುವಾಗ 150 ಮಿಲಿವೋಲ್ಟ್ ಕಾಣೆಯಾಗುತ್ತದೆ. ನಿಜವಾಗಿ ಸುಸ್ತಾದ ಸೆಲ್ ಹಾಗೆ ಟಕ್ ಅಂತ ಪೂರ್ತಿ ಏಳುವುದಿಲ್ಲ, ನಿಧಾನಕ್ಕೆ ಏಳುತ್ತದೆ.

ಇನ್ನೊಂದು ಇದೆ, ನನಗೇ ಒಮ್ಮೆ ಮೋಸ ಮಾಡಿದ್ದು. ಒಂದು ಗಾಡಿಯಲ್ಲಿ ಎಲ್ಲಾ ಸೆಲ್ 3.65 ವೋಲ್ಟ್, 41ನೆಯದು ಮಾತ್ರ 3.42. ಸರಿ, ಸೆಲ್ ಹೋಗಿದೆ ಅಂತ ಪ್ಯಾಕ್ ಇಳಿಸಿಯೇ ಬಿಟ್ಟೆ. ಮಲ್ಟಿಮೀಟರ್ ಇಟ್ಟರೆ ಅದೂ 3.65! ವಾಪಸ್ ಬಂದು ಡೇಟಾ ಸರಿಯಾಗಿ ನೋಡಿದರೆ 42ನೆಯದು 3.88 ತೋರಿಸುತ್ತಿದೆ. ಎರಡನ್ನೂ ಕೂಡಿದರೆ 7.30, ಅಂದರೆ ಎರಡು ಒಳ್ಳೆಯ ಸೆಲ್‌ಗಳ ಲೆಕ್ಕ. ಆ ಎರಡು ಸೆಲ್‌ಗಳ ನಡುವಿನ ಅಳತೆಯ ತಂತಿಯ ತುದಿ ಹಸಿರು ಕಟ್ಟಿತ್ತು. ಒಂದಕ್ಕೆ ಕಡಿಮೆಯಾದಷ್ಟೂ ಪಕ್ಕದ್ದಕ್ಕೆ ಸೇರಿಸಿ ತೋರಿಸುತ್ತಿತ್ತು. ಕನೆಕ್ಟರ್ ಬದಲಿಸಿದೆ, ಮುಗಿಯಿತು. ಅಂದಿನಿಂದ ಒಂದು ಸೆಲ್ ಕಡಿಮೆ ಕಂಡರೆ ಮೊದಲು ಅದರ ಅಕ್ಕಪಕ್ಕ ನೋಡುತ್ತೇನೆ.

ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಒಂದು ಎಚ್ಚರಿಕೆ. ಅದರ ವೋಲ್ಟೇಜ್ ನಡುವೆ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. 50 ಪರ್ಸೆಂಟ್‌ನಲ್ಲಿ ಎಲ್ಲಾ ಸೆಲ್ ಸಮ ಕಂಡವು ಅಂತ ಖುಷಿ ಪಡಬೇಡಿ, ತುದಿಗಳಲ್ಲಿ ನೋಡಿದರೆ ಮಾತ್ರ ನಿಜ ಗೊತ್ತಾಗುವುದು.

ಇನ್ನು ಮಳೆಯ ವಿಷಯ. ಹೈ ವೋಲ್ಟೇಜ್‌ನ ಪ್ಲಸ್ ಆಗಲಿ ಮೈನಸ್ ಆಗಲಿ ಕಾರಿನ ಲೋಹದ ಮೈಗೆ ಸೇರುವ ಹಾಗಿಲ್ಲ. ಗಾಡಿ ಇದನ್ನು ಸತತವಾಗಿ ಅಳೆಯುತ್ತಿರುತ್ತದೆ. ಡಿಸಿ ಕಡೆಗೆ ಕನಿಷ್ಠ ಮಿತಿ ವೋಲ್ಟ್‌ಗೆ 100 ಓಮ್, ಅಂದರೆ 360 ವೋಲ್ಟ್ ಪ್ಯಾಕ್‌ಗೆ 36 ಕಿಲೋಓಮ್. ಕೋಡ್ ಪಿ0ಎಎ6 ಅಂತ ಬಂದಿದ್ದರೆ ಅದು ಇದೇ ದೂರು. ಪ್ಯಾಕ್ ಹೋಯಿತು ಅಂತ ಅದರ ಅರ್ಥವಲ್ಲ. ಎಸಿ ಕಂಪ್ರೆಸರ್, ಹೀಟರ್, ಚಾರ್ಜರ್, ಮೋಟಾರ್, ಕಿತ್ತಳೆ ಬಣ್ಣದ ಕೇಬಲ್‌ಗಳು, ಇವುಗಳಲ್ಲಿ ಯಾವುದು ಸೋರಿದರೂ ಅದೇ ಕೋಡ್.

ಇದಕ್ಕೆ ಮೊದಲ ಪ್ರಶ್ನೆ: ಕಾಂಟ್ಯಾಕ್ಟರ್ ತೆರೆದಿದ್ದಾಗಲೂ (ಪ್ಯಾಕ್ ಗಾಡಿಯಿಂದ ಬೇರೆಯಾಗಿದ್ದಾಗಲೂ) ಲೀಕೇಜ್ ಇದೆಯಾ, ಮುಚ್ಚಿದ ಮೇಲೆ ಮಾತ್ರ ಬರುತ್ತದಾ? ಮುಚ್ಚಿದ ಮೇಲೆ ಮಾತ್ರ ಅಂದರೆ ದೋಷ ಪ್ಯಾಕ್‌ನ ಹೊರಗಿದೆ. ಆಗ ವಿದ್ಯುತ್ ಪೂರ್ತಿ ತೆಗೆದು, ಹೊರಗಿನ ಒಂದೊಂದನ್ನೇ ಬಿಡಿಸಿ, ತಯಾರಕರು ಹೇಳಿದ ವೋಲ್ಟೇಜ್‌ನಲ್ಲಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ನೋಡುತ್ತಾರೆ. ಎಸಿ ಗ್ಯಾಸ್ ತುಂಬಿಸಿದ ಮೇಲೆ ಈ ಕೋಡ್ ಬಂದ ಗಾಡಿ ನೋಡಿದ್ದೇನೆ. ಎಲೆಕ್ಟ್ರಿಕ್ ಕಂಪ್ರೆಸರ್‌ಗೆ ಸಾಮಾನ್ಯವಾಗಿ ಕರೆಂಟ್ ಹರಿಸದ ಪಿಓಇ ಎಣ್ಣೆ ಬೇಕು. ಯಾರೋ ಪೆಟ್ರೋಲ್ ಕಾರಿನ ಪಿಎಜಿ ಎಣ್ಣೆ ಹಾಕಿದ್ದರು. ಇತ್ತೀಚೆಗೆ ಎಸಿ ಕೆಲಸ ಮಾಡಿಸಿದ್ದೀರಾ? ನಿಮ್ಮದು ಮಳೆಗೆ ಬರುವುದರಿಂದ ಚಾರ್ಜಿಂಗ್ ಪೋರ್ಟ್ ಮತ್ತು ಕೆಳಗಿನ ಕನೆಕ್ಟರ್‌ಗಳನ್ನು ನಾನು ಮೊದಲು ನೋಡುತ್ತಿದ್ದೆ.

ತೆರೆದಾಗಲೂ ಲೀಕೇಜ್ ಇದ್ದರೆ ಒಳಗೇ ಇದೆ. ಅದು ಎಲ್ಲಿದೆ ಅಂತ ಹುಡುಕುವ ಲೆಕ್ಕ ನನಗೆ ಬಹಳ ಇಷ್ಟ. ಪ್ಯಾಕ್ 360 ವೋಲ್ಟ್. ಪ್ಲಸ್‌ನಿಂದ ಕಾರಿನ ಮೈಗೆ 240, ಮೈನಸ್‌ನಿಂದ ಕಾರಿನ ಮೈಗೆ 120 ಬಂತು ಅಂದುಕೊಳ್ಳಿ. ಸೋರುವ ಜಾಗ ಮೈನಸ್ ಕಡೆಯಿಂದ ಮೂರನೇ ಒಂದು ಪಾಲು ದೂರದಲ್ಲಿದೆ, ಅಂದರೆ 96ರಲ್ಲಿ 32ನೇ ಸೆಲ್ ಆಸುಪಾಸು. ಪ್ಯಾಕ್ ಮುಚ್ಚಳ ತೆಗೆದ ಮೇಲೆ ಅಲ್ಲಿಗೇ ಟಾರ್ಚ್ ಬಿಟ್ಟರೆ ಕೂಲಂಟ್ ಹನಿಯೋ, ತೇವದ ಗುರುತೋ, ಸವೆದ ತಂತಿಯೋ ಕಾಣುತ್ತದೆ. ಇದು ತರಬೇತಿ ಇರುವವರ ಅಳತೆ, ಮನೆಯಲ್ಲಿ ಮಾಡುವುದಲ್ಲ.

ಬೇಡ ಅಂದ ಕಾರಣಕ್ಕೆ ಬರುತ್ತೇನೆ. ಸರ್ವಿಸ್ ಪ್ಲಗ್ (ಹೈ ವೋಲ್ಟೇಜ್ ಸಾಲನ್ನು ಕಡಿಯುವ ಪ್ಲಗ್) ಕಿತ್ತರೆ ಕರೆಂಟ್ ಹೋಯಿತು ಅಂತ ಬಹಳ ಜನ ತಿಳಿದಿದ್ದಾರೆ. ಹೊರಗಡೆ ಹೋಗುತ್ತದೆ, ಅದೂ ಇನ್ವರ್ಟರ್ ಕೆಪಾಸಿಟರ್ ಖಾಲಿಯಾಗಲು ಸಾಮಾನ್ಯವಾಗಿ 5ರಿಂದ 10 ನಿಮಿಷ ಕಾದ ಮೇಲೆ. ಒಳಗಡೆ ಸೆಲ್‌ಗಳು ಹಾಗೇ ಇರುತ್ತವೆ. ಪ್ಲಗ್ ನಡುವೆ ಇರುವ ಪ್ಯಾಕ್ ಎರಡು ಹೋಳಾಗುತ್ತದೆ, ಒಂದೊಂದು ಹೋಳಿನಲ್ಲೂ 180 ವೋಲ್ಟ್ ಡಿಸಿ. ಸ್ಪ್ಯಾನರ್ ಜಾರಿ ಎರಡು ಬಸ್‌ಬಾರ್ ಮೇಲೆ ಬಿದ್ದರೆ ಹೊತ್ತುವ ಆರ್ಕ್ ತಾನಾಗಿ ಆರುವುದು ಕಷ್ಟ. ನಾವು 1000 ವೋಲ್ಟ್ ದರ್ಜೆಯ ಕ್ಲಾಸ್ 0 ಗ್ಲೌಸ್ ಹಾಕುತ್ತೇವೆ. ಪ್ರತಿ ಸಲ ಅದರಲ್ಲಿ ಗಾಳಿ ತುಂಬಿಸಿ ತೂತಿದೆಯಾ ನೋಡುತ್ತೇವೆ. ವಾಚು ಉಂಗುರ ತೆಗೆದಿಡುತ್ತೇವೆ, ಒಬ್ಬರೇ ಕೆಲಸ ಮಾಡುವುದಿಲ್ಲ. ಮೀಟರನ್ನು ಮೊದಲು ಗೊತ್ತಿರುವ ವೋಲ್ಟೇಜ್ ಮೇಲೆ, ಆಮೇಲೆ ಟರ್ಮಿನಲ್ ಮೇಲೆ, ಮತ್ತೆ ಗೊತ್ತಿರುವುದರ ಮೇಲೆ ಇಟ್ಟು ನೋಡುತ್ತೇವೆ. ಸೊನ್ನೆ ತೋರಿಸುತ್ತಿರುವುದು ಸತ್ತ ಮೀಟರ್ ಆಗಿರಬಾರದು, ಅಲ್ವಾ.

ಮಾಡ್ಯೂಲ್ ಬದಲಿಸುವುದೇ ಆದರೆ ಹೊಸದೇ ಬೇಕು ಅಂತ ಹಠ ಹಿಡಿಯಬೇಡಿ. ಹಳೆಯ ಪ್ಯಾಕ್‌ನ ಉಳಿದ ಸೆಲ್‌ಗಳಿಗೆ ಕೆಪಾಸಿಟಿ ಹತ್ತಿರ ಇರುವ ಮಾಡ್ಯೂಲ್ ಒಳ್ಳೆಯದು. ಹೊಸದು ಹಾಕಿದರೂ ಗಾಡಿ ಓಡುವ ದೂರ ಹಳೆಯ ಸೆಲ್‌ಗಳ ಮಟ್ಟಕ್ಕೇ ನಿಲ್ಲುತ್ತದೆ. ಹಾಕುವ ಮೊದಲು ಚಾರ್ಜ್ ಸಮ ಮಾಡಬೇಕು, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು, ಹೊಸ ಸೀಲ್ ಹಾಕಿ ಪ್ಯಾಕ್ ಗಾಳಿ ಸೋರುವುದಿಲ್ಲ ಅಂತ ಪರೀಕ್ಷೆ ಮಾಡಬೇಕು. ಈ ಕೊನೆಯದನ್ನು ಬಿಟ್ಟವರ ಗಾಡಿ ಮುಂದಿನ ಮಳೆಗೆ ವಾಪಸ್ ಬರುತ್ತದೆ. ಉಬ್ಬಿದ ಸೆಲ್ ಅಥವಾ 2 ವೋಲ್ಟ್‌ಗಿಂತ ಕೆಳಗೆ ಹೋಗಿ ಬಹಳ ದಿನ ಬಿದ್ದಿದ್ದ ಸೆಲ್ ಆದರೆ ಮತ್ತೆ ಚಾರ್ಜ್ ಮಾಡಿ ಎಬ್ಬಿಸುವ ಸಾಹಸ ಬೇಡ. ಒಳಗಿನ ತಾಮ್ರ ಕರಗಿರುತ್ತದೆ, ಆಮೇಲೆ ಒಳಗೇ ಶಾರ್ಟ್ ಆಗುತ್ತದೆ.

ವಾರಂಟಿ ಕಾಗದ ತೆಗೆದು ನೋಡಿ. ಬಹಳಷ್ಟು ಕಂಪನಿಗಳು ಪ್ಯಾಕ್‌ಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ಕೊಡುತ್ತವೆ, ನಿಮ್ಮದಕ್ಕೆ ಆರೇ ವರ್ಷ. ವಾರಂಟಿ ಇದ್ದರೆ ಹೊರಗಿನವರಿಂದ, ನನ್ನಂಥವರನ್ನೂ ಸೇರಿಸಿ, ಪ್ಯಾಕ್ ಮುಟ್ಟಿಸಬೇಡಿ. ಸರ್ವಿಸ್‌ನವರ ಹತ್ತಿರ ಕೋಡ್‌ಗಳು, ಕೋಡ್ ಬಂದ ಕ್ಷಣದ ಅಳತೆಗಳು (ಫ್ರೀಜ್ ಫ್ರೇಮ್), ಎಲ್ಲಾ ಸೆಲ್‌ಗಳ ವೋಲ್ಟೇಜ್, ಇನ್ಸುಲೇಷನ್ ಎಷ್ಟು ಕಿಲೋಓಮ್ ಬಂತು ಅನ್ನುವುದನ್ನು ಬರೆಸಿಕೊಳ್ಳಿ. ಅಲ್ಲಿಯವರೆಗೆ, ಆ 20ರ ರೀಡಿಂಗ್ ತೆಗೆಯುವಾಗ ಬಿಟ್ಟು, ಚಾರ್ಜ್ 30ರ ಕೆಳಗೆ ಇಳಿಸಬೇಡಿ, ಇನ್ಸುಲೇಷನ್ ಎಚ್ಚರಿಕೆ ಬಂದ ದಿನ ಗಾಡಿ ಓಡಿಸಬೇಡಿ, ಚಾರ್ಜಿಗೂ ಹಾಕಬೇಡಿ. ಮೂರು ಹೊತ್ತಿನ ಸೆಲ್ ರೀಡಿಂಗ್ ಸಿಕ್ಕಾಗ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.